ಮಂಡ್ಯದ ಸೀಮೆಗೆ ಸೈಕಲ್ಲು ಬಂದ ಬಗೆ

ಇಬ್ಬರು ಗಾಯಕರು ಮೊದಲ ಬಾರಿ ಸಂಧಿಸಿದರೆ ಒಬ್ಬರು ಇನ್ನೊಬ್ಬರ ಗುರುಗಳ ಹೆಸರನ್ನು ಕೇಳಿ ತಿಳಿಯುವುದು ವಾಡಿಕೆ. ಇಬ್ಬರು ಬೇಸಾಯಗಾರರು ಕೂಡಿದರೆ ಮಳೆ ಬೆಳೆಗಳ ಮಾತು ತಾನಾಗಿಯೇ ಬರುತ್ತದೆ. ಹಾಗೆಯೇ ಸೈಕಲ್ ಸವಾರರು ನಾಲ್ವರು ಒಂದೆಡೆ ಸೇರಿದರೆ, ‘ತಮ್ಮದು ಯಾವ ಊರು?’ ಎಂಬ ಪ್ರಶ್ನೆಯ ಹಿಂದೆಯೇ, ‘ತಾವು ಸೈಕಲ್ಲು ಕಲಿತದ್ದು ಹೇಗೆ?’ ಎಂಬ ಪ್ರಶ್ನೆಯೂ ಹುಟ್ಟುತ್ತದೆ. ಈ ಎರಡನೆಯ ಪ್ರಶ್ನೆಗೆ ಉತ್ತರ ತೋಚದ ಸವಾರನು ಅಪರೂಪ. ನಾವು ನಡೆಯಲು ಕಲಿತ ದಿನ ನಮಗೆ ನೆನಪಿಲ್ಲ. ಮೊದಲ ಮಾತನ್ನು ಆಡಿದ ಗಳಿಗೆಯೂ ನೆನಪಿಲ್ಲ. ಸೈಕಲ್ಲು ಕಲಿತ ದಿನವಾದರೋ ಹಾಗಲ್ಲ. ಯಾರ ಗಾಡಿ, ಯಾವ ಬಯಲು, ಹಿಂದಿನಿಂದ ಹಿಡಿದುಕೊಂಡಿದ್ದವರು ಯಾರು, ಹೇಳದೆ ಕೈಬಿಟ್ಟವರು ಯಾರು, ಬಿದ್ದಾಗ ತರಚಿದ್ದು ಯಾವ ಮೊಣಕಾಲು, ಇವೆಲ್ಲವೂ ಎಪ್ಪತ್ತು ವರ್ಷದ ಮುದುಕರಿಗೂ ಕಣ್ಣಿಗೆ ಕಟ್ಟಿದಂತೆ ಇರುತ್ತವೆ.

ಇಂಥ ಉತ್ತರಗಳನ್ನು ಒಂದು ಸೀಮೆಯಿಂದ, ನಾಲ್ಕೈದು ತಲೆಮಾರುಗಳಿಂದ ಸಂಗ್ರಹಿಸಿದರೆ ಅದು ಕೇವಲ ಹರಟೆಯಾಗಿ ಉಳಿಯದೆ ಒಂದು ಬಗೆಯ ಚರಿತ್ರೆಯಾಗುತ್ತದೆ ಎಂಬುದು ನಮ್ಮ ಭಾವನೆ. ಅರಸರ ಪ್ರಯಾಣಗಳನ್ನೂ ದಂಡಯಾತ್ರೆಗಳನ್ನೂ ಶಾಸನಗಳು ಹೇಳುತ್ತವೆ. ಸಾಮಾನ್ಯನೊಬ್ಬನು ಯಾವ ಕಾಲದಲ್ಲಿ, ಯಾವ ಕಾರಣದಿಂದ, ಇನ್ನೊಬ್ಬರ ಅಪ್ಪಣೆಗಾಗಿ ಕಾಯದೆ ತನ್ನ ಊರಿನಿಂದ ಹತ್ತು ಹದಿನೈದು ಮೈಲಿ ಹೋಗಿ ಸಂಜೆಗೆ ಮನೆಗೆ ಮರಳುವಂತಾದನು ಎಂಬುದನ್ನು ಮಾತ್ರ ಯಾವ ಶಾಸನವೂ ಹೇಳುವುದಿಲ್ಲ. ಅದನ್ನು ಸೈಕಲ್ಲು ಹೇಳುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ನೆರೆಹೊರೆಯ ಮೂರು ಊರುಗಳನ್ನೂ ಅವುಗಳ ಸುತ್ತಣ ಹಳ್ಳಿಗಳನ್ನೂ ಎದುರಿಗಿಟ್ಟುಕೊಂಡು ಈ ವಿಷಯವನ್ನು ಸ್ವಲ್ಪ ವಿಚಾರ ಮಾಡೋಣ.

ಮೊದಲು ಯಂತ್ರದ ಸಂಗತಿ. ಎರಡು ಚಕ್ರಗಳನ್ನು ಒಂದರ ಹಿಂದೊಂದು ಜೋಡಿಸಿ, ನಡುವೆ ಕುಳಿತು, ನೆಲವನ್ನು ಕಾಲಿನಿಂದ ಒದೆಯುತ್ತ ಸಾಗಬಹುದೆಂದು ೧೮೧೭ರಲ್ಲಿ ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ತೋರಿಸಿಕೊಟ್ಟವನು ಕಾರ್ಲ್ ಡ್ರಾಯಿಸ್. ೧೮೬೦ರ ದಶಕದಲ್ಲಿ ಪ್ಯಾರಿಸಿನ ಕುಶಲಕರ್ಮಿಗಳು ಮುಂದಿನ ಚಕ್ರಕ್ಕೆ ಪೆಡಲುಗಳನ್ನು ಸೇರಿಸಿದರು. ಪೆಡಲನ್ನು ಒಮ್ಮೆ ತಿರುಗಿಸಿದರೆ ಹೆಚ್ಚು ದೂರ ಹೋಗಬೇಕೆಂಬ ಆಸೆಯಿಂದ ಮುಂದಿನ ಚಕ್ರವನ್ನು ಆಳೆತ್ತರಕ್ಕೆ ಬೆಳೆಸಿದರು. ಬಿದ್ದವರು ತಲೆಯ ಮೇಲೆಯೇ ಬೀಳುವಂತಾಯಿತು. ೧೮೮೫ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಎಂಬಾತನು ಎರಡು ಚಕ್ರಗಳನ್ನೂ ಹೆಚ್ಚುಕಡಮೆ ಸಮನಾಗಿ ಮಾಡಿ, ಚೈನಿನ ಮೂಲಕ ಹಿಂದಿನ ಚಕ್ರವನ್ನು ತಿರುಗಿಸುವ ‘ರೋವರ್’ ಗಾಡಿಯನ್ನು ಹೊರತಂದನು. ಮೂರು ವರ್ಷಗಳ ಮೇಲೆ, ೧೮೮೮ರಲ್ಲಿ, ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಗಾಡಿಗೆಂದು ಕಲ್ಪಿಸಿದ ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ದೊರೆಯಿತು. ಇಂದು ಮದ್ದೂರಿನ ಸಂತೆಯ ಬೀದಿಯಲ್ಲಿ ಕಾಣುವ ಸೈಕಲ್ಲಿಗೂ ಸ್ಟಾರ್ಲಿಯ ಗಾಡಿಗೂ ಆಕಾರದಲ್ಲಿ ಇರುವ ಭೇದ ಅಷ್ಟೇನೂ ದೊಡ್ಡದಲ್ಲ. ನೂರನಾಲ್ವತ್ತು ವರ್ಷಗಳ ಕಾಲ ಹೀಗೆ ರೂಪ ಕೆಡದೆ ಉಳಿದ ಯಂತ್ರಗಳು ಕೆಲವೇ.

ನಮ್ಮ ದೇಶವು ದೂರಪ್ರಯಾಣದ ಸೈಕಲ್ ಸವಾರನನ್ನು ಕಂಡದ್ದು ಬಹು ಬೇಗನೆ. ೧೮೮೪ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಥಾಮಸ್ ಸ್ಟೀವನ್ಸನು ಎತ್ತರ ಚಕ್ರದ ಗಾಡಿಯಲ್ಲಿ ಭೂಪ್ರದಕ್ಷಿಣೆ ಮಾಡುತ್ತ, ೧೮೮೬ರಲ್ಲಿ ಲಾಹೋರಿನಿಂದ ಕಲ್ಕತ್ತೆಯವರೆಗೆ ಗ್ರಾಂಡ್ ಟ್ರಂಕ್ ರಸ್ತೆಯಲ್ಲಿ ಸಾಗಿದನು. ಆಮೇಲೆ ನಮ್ಮವರೇ ಆ ಸಾಹಸಕ್ಕೆ ಕೈಹಾಕಿದರು. ೧೯೨೩ರಲ್ಲಿ ಮುಂಬಯಿಯಿಂದ ಹೊರಟ ಪಾರ್ಸಿ ತರುಣರ ತಂಡದಲ್ಲಿ ಆದಿ ಹಕೀಂ, ಜಾಲ್ ಬಾಪಸೋಲಾ, ರುಸ್ತುಂ ಭುಂಗಾರಾ ಎಂಬ ಮೂವರು ಲೋಕವನ್ನು ಸುತ್ತಿ ೧೯೨೮ರಲ್ಲಿ ಊರಿಗೆ ಮರಳಿದರು. ಇವು ಸಾಹಸದ ಕಥೆಗಳು. ಇವುಗಳಿಗೆ ಗ್ರಂಥಗಳಲ್ಲಿ ಸ್ಥಾನ ದೊರೆತಿದೆ. ನಮ್ಮ ಸೀಮೆಯ ಕಥೆಯಲ್ಲಿ ಲೋಕವನ್ನು ಸುತ್ತುವ ಬಯಕೆ ಇರಲಿಲ್ಲ. ರೈಲಿನ ನಿಲ್ದಾಣವನ್ನು ಹೊತ್ತಿಗೆ ಸರಿಯಾಗಿ ಮುಟ್ಟಿದರೆ ಸಾಕೆಂಬ ಆತುರವಿದ್ದಿತು.

ಆ ಆತುರವನ್ನು ತಿಳಿಯಬೇಕಾದರೆ ಭೂಪಟವನ್ನು ನೋಡಬೇಕು. ಬೆಂಗಳೂರಿನಿಂದ ಹೊರಟ ರೈಲು ಮಾರ್ಗವು ೧೮೮೨ರಲ್ಲಿ ಮೈಸೂರನ್ನು ಮುಟ್ಟಿತು. ಮದ್ದೂರೂ ಮಂಡ್ಯವೂ ಆ ಮಾರ್ಗದ ಮೇಲಿನ ನಿಲ್ದಾಣಗಳಾದವು. ಮಳವಳ್ಳಿಗೆ ರೈಲು ಅಂದೂ ಬರಲಿಲ್ಲ, ಇಂದಿಗೂ ಬಂದಿಲ್ಲ. ಮಳವಳ್ಳಿಯಿಂದ ಮದ್ದೂರಿಗೆ ಸುಮಾರು ೧೫ ಮೈಲಿ. ಮಂಡ್ಯಕ್ಕೆ ೨೦ ಮೈಲಿಗೆ ತುಸು ಹೆಚ್ಚು. ಶಿವನಸಮುದ್ರದ ಜಲಪಾತವನ್ನು ನೋಡಲು ಬರುತ್ತಿದ್ದವರು ಮದ್ದೂರಿನಲ್ಲಿ ಇಳಿದು ಮಳವಳ್ಳಿಯ ಮೇಲೆ ಸುಮಾರು ೩೦ ಮೈಲಿ ಗಾಡಿಯಲ್ಲಿ ಹೋಗಬೇಕಾಗಿತ್ತು. ೧೯೦೨ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಕ್ಷಣಮಾತ್ರದಲ್ಲಿ ಮುಟ್ಟುತ್ತಿದ್ದಿತು. ಅದೇ ತಾಲ್ಲೂಕಿನ ರೈತನು ರೈಲನ್ನು ಮುಟ್ಟಲು ರಾತ್ರಿಯೆಲ್ಲ ಪಯಣ ಮಾಡಬೇಕಾಗಿದ್ದಿತು. ಎತ್ತಿನ ಗಾಡಿಯ ವೇಗ ಗಂಟೆಗೆ ಎರಡು ಮೈಲಿ. ಹದಿನೈದು ಮೈಲಿಗೆ ಏಳು ಗಂಟೆಗೂ ಮೇಲೆ. ಕಾಲ್ನಡಿಗೆಯಲ್ಲಿ ಐದು ಗಂಟೆ. ಅದೇ ದೂರಕ್ಕೆ ಸೈಕಲ್ಲು ಎರಡು ಗಂಟೆಯೊಳಗಿನ ಮಾತು.

ವೇಗಕ್ಕಿಂತಲೂ ಮುಖ್ಯವಾದ ಇನ್ನೊಂದು ಸಂಗತಿಯುಂಟು. ಎತ್ತಿನ ಗಾಡಿಯು ಉಳ್ಳವರದು. ಅದಿಲ್ಲದವನು ಗಾಡಿ ಕಟ್ಟುವವರ ಕೃಪೆಯನ್ನು ಕಾಯಬೇಕು. ಅವರು ಹೊರಟಾಗ ಹೊರಡಬೇಕು, ಅವರು ತಂಗಿದಲ್ಲಿ ತಂಗಬೇಕು. ಮುಂದೆ ಮೋಟಾರು ಬಸ್ಸುಗಳು ಬಂದ ಮೇಲೆಯೂ ಕಾಯುವುದು ತಪ್ಪಲಿಲ್ಲ. ಸೈಕಲ್ಲಾದರೋ ಎತ್ತುಗಳಂತೆ ಮೇವು ಕೇಳುವುದಿಲ್ಲ. ಬಸ್ಸಿನಂತೆ ಹೊತ್ತು ನೋಡುವುದಿಲ್ಲ. ನಡೆಯುವ ಶ್ರಮದಿಂದಲೇ ಮೂರರಷ್ಟು ದೂರವನ್ನು ದೊರಕಿಸಿಕೊಡುತ್ತದೆ. ಸಾಮಾನ್ಯನಿಗೆ ತನ್ನದೇ ಆದ ಹೊತ್ತು ಎಂಬುದೊಂದು ದೊರೆತದ್ದು ಇದರಿಂದ.

ಆದರೆ ಮೊದಲು ಬಂದ ಸೈಕಲ್ಲುಗಳು ಸಾಮಾನ್ಯನಿಗಾಗಿ ಬಂದವಲ್ಲ. ರ್‍ಯಾಲಿ, ಬಿ.ಎಸ್.ಎ., ಹಂಬರ್, ಹರ್ಕ್ಯುಲಿಸ್ ಮೊದಲಾದ ಗಾಡಿಗಳು ಹಡಗಿನಲ್ಲಿ ಬರುತ್ತಿದ್ದವು. ಅವುಗಳನ್ನು ಕೊಳ್ಳುವ ಶಕ್ತಿಯಿದ್ದವರು ದಂಡಿನ ಅಧಿಕಾರಿಗಳು, ವಕೀಲರು, ವೈದ್ಯರು, ದೊಡ್ಡ ಜಮೀನುದಾರರ ಮಕ್ಕಳು. ಇವರಲ್ಲಿ ಸೈಕಲ್ಲು ಕಲಿತದ್ದು ಹೇಗೆಂದು ಕೇಳಿದರೆ ಬಹುಮಟ್ಟಿಗೆ ಒಂದೇ ಉತ್ತರ: ಪಟ್ಟಣಕ್ಕೆ ಓದಲು ಹೋದಾಗ, ಮೈಸೂರಿನ ಅಗಲವಾದ ಬೀದಿಗಳಲ್ಲಿ. ರಜೆಯಲ್ಲಿ ಇವರು ಸೈಕಲ್ಲನ್ನು ಊರಿಗೆ ತಂದಾಗ ಹಳ್ಳಿಯ ಮಕ್ಕಳು ಹಿಂದೆ ಹಿಂದೆ ಓಡುವರು; ಮುದುಕಿಯರು ಎರಡು ಚಕ್ರದ ಮೇಲೆ ಮನುಷ್ಯನು ಬೀಳದೆ ಇರುವುದು ಹೇಗೆಂದು ಬೆರಗಾಗುವರು. ಬೀಳದೆ ಇರುವ ಗುಟ್ಟು ಇಷ್ಟೆ: ಗಾಡಿ ಯಾವ ಕಡೆಗೆ ವಾಲುವುದೋ ಅದೇ ಕಡೆಗೆ ಮುಂದಿನ ಚಕ್ರವನ್ನು ತಿರುಗಿಸಬೇಕು. ಕಲಿಯುವವನಿಗೆ ಇದು ಬುದ್ಧಿಗೆ ವಿರುದ್ಧವಾಗಿ ತೋರುತ್ತದೆ. ಮೈಗೆ ಒಮ್ಮೆ ತಿಳಿದ ಮೇಲೆ ಮರೆಯುವಂತಿಲ್ಲ.

ಈ ಸ್ಥಿತಿಯನ್ನು ಬದಲಾಯಿಸಿದ್ದು ಕಾವೇರಿಯ ನೀರು. ೧೯೧೧ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯು ೧೯೩೦ರ ದಶಕದ ಆದಿಯಲ್ಲಿ ಪೂರ್ಣಗೊಂಡಿತು. ಹುಲಿಕೆರೆಯ ಬಳಿ ಗುಡ್ಡವನ್ನು ಕೊರೆದು ಸುರಂಗದಲ್ಲಿ ಹಾಯಿಸಿದ ಇರ್ವಿನ್ ನಾಲೆಯು (ಈಗ ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರು) ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಬೆದ್ದಲಿಗೆ ನೀರನ್ನು ತಂದಿತು. ರಾಗಿ ಹುರುಳಿಗಳ ಹೊಲದಲ್ಲಿ ಬತ್ತವೂ ಕಬ್ಬೂ ನಿಂತವು. ೧೯೩೩ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪಿತವಾಗಿ, ಮರುವರ್ಷ ಕಬ್ಬು ಅರೆಯಲು ಆರಂಭಿಸಿತು. ೧೯೩೯ರಲ್ಲಿ ಮೈಸೂರು ಜಿಲ್ಲೆಯಿಂದ ಈ ತಾಲ್ಲೂಕುಗಳನ್ನು ಬೇರ್ಪಡಿಸಿ ಮಂಡ್ಯವನ್ನು ಪ್ರತ್ಯೇಕ ಜಿಲ್ಲೆಯ ಮುಖ್ಯ ಪಟ್ಟಣವಾಗಿ ಮಾಡಿದರು. ಹತ್ತು ವರ್ಷಗಳೊಳಗೆ ಒಂದು ಸೀಮೆಯ ಬಾಳು ಇಷ್ಟು ಬದಲಾದದ್ದು ನಮ್ಮ ನಾಡಿನ ಚರಿತ್ರೆಯಲ್ಲಿ ವಿರಳ.

ನಾಲೆಗೂ ಸೈಕಲ್ಲಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧ ಮೂರು ವಿಧ. ಮೊದಲನೆಯದು, ನಾಲೆಯ ಏರಿ. ನೀರು ಹರಿಯಲು ಬೇಕಾದ ಅತಿ ಸ್ವಲ್ಪ ಇಳಿಜಾರಿನಲ್ಲಿ ಸಾಗುವ ಏರಿಯ ದಾರಿಗೆ ದಿಬ್ಬವಿಲ್ಲ, ಹಳ್ಳವಿಲ್ಲ. ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ದಾರಿ ಬೇಡ. ತೂಬಿನಿಂದ ತೂಬಿಗೆ ಓಡಾಡುವ ನೌಕರರಿಗೂ, ಆ ಏರಿಯ ಮೇಲೆ ಶಾಲೆಗೆ ಹೋಗುವ ಹುಡುಗರಿಗೂ ಅದೇ ರಾಜಮಾರ್ಗವಾಯಿತು. ಎರಡನೆಯದು, ಕಾರ್ಖಾನೆಯ ಕೂಗು. ಪಾಳಿಯ ಪ್ರಕಾರ ನಡೆಯುವ ಕೆಲಸಕ್ಕೆ ನಡುರಾತ್ರಿಯೂ ಒಂದೇ, ನಡುಹಗಲೂ ಒಂದೇ. ನಾಲ್ಕಾರು ಮೈಲಿ ದೂರದ ಹಳ್ಳಿಯವನು ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲಿಗೆ ಬಂದು ಮುಟ್ಟಬೇಕಾದರೆ ಸ್ವಂತ ವಾಹನವೇ ಗತಿ. ಮೂರನೆಯದು, ಕೈಗೆ ಬಂದ ಹಣ. ಮಳೆಯನ್ನು ನಂಬಿ ಬೆಳೆದದ್ದನ್ನು ಉಂಡು ಮುಗಿಸುತ್ತಿದ್ದ ಸಂಸಾರಗಳಿಗೆ ಕಬ್ಬಿನ ಬೆಲೆ ಒಟ್ಟಿಗೆ ಕೈಸೇರತೊಡಗಿತು. ಆ ಹಣದಲ್ಲಿ ಹೆಂಚಿನ ಮನೆ, ಮಗಳ ಮದುವೆ, ಮತ್ತೆ ಒಂದು ಸೈಕಲ್ಲು, ಇದು ಸಾಮಾನ್ಯವಾದ ಕ್ರಮವಾಯಿತು. ಕಟಾವಿನ ಅನುಮತಿಗಾಗಿ ಒಮ್ಮೆ, ತೂಕದ ಚೀಟಿಗಾಗಿ ಒಮ್ಮೆ, ಹಣಕ್ಕಾಗಿ ಇನ್ನೊಮ್ಮೆ ಪಟ್ಟಣಕ್ಕೆ ಹೋಗಬೇಕಾದ ಬೇಸಾಯಗಾರನಿಗೆ ಅದು ನೇಗಿಲಿನಂತೆಯೇ ಬೇಸಾಯದ ಸಾಧನವಾಗಿದ್ದಿತು.

ಈ ತಲೆಮಾರಿನವರು ಕಲಿತ ಬಗೆಯೇ ಬೇರೆ. ಅದರ ಗುರುಕುಲ ಬಾಡಿಗೆ ಸೈಕಲ್ಲಿನ ಅಂಗಡಿ. ಗಂಟೆಗಿಷ್ಟು ಆಣೆಯೆಂದು ಲೆಕ್ಕ. ಹೊತ್ತನ್ನು ಬರೆದಿಡಲು ಒಂದು ಹಳೆಯ ಪುಸ್ತಕ, ಗೋಡೆಗೆ ಒಂದು ಗಡಿಯಾರ, ಪಂಕ್ಚರನ್ನು ಹುಡುಕಲು ನೀರು ತುಂಬಿದ ಬಾಣಲೆ, ಮೂಲೆಯಲ್ಲಿ ಗಾಳಿ ಹೊಡೆಯುವ ಪಂಪು. ಗುರುತಿನವರ ಮಕ್ಕಳಿಗಲ್ಲದೆ ಗಾಡಿ ಸಿಕ್ಕದು. ಹುಡುಗನ ಕಾಲು ನೆಲಕ್ಕೆ ಎಟುಕದಷ್ಟು ಎತ್ತರದ ಗಾಡಿ. ಆದುದರಿಂದ ಮೊದಲ ಪಾಠ ‘ಒಳಪೆಡಲು’. ಬಾರಿನ ಕೆಳಗಿನ ಮುಕ್ಕೋಣದಲ್ಲಿ ಒಂದು ಕಾಲನ್ನು ತೂರಿಸಿ, ಒಂದು ಕೈಯಲ್ಲಿ ಹ್ಯಾಂಡಲನ್ನೂ ಮತ್ತೊಂದರಲ್ಲಿ ಸೀಟನ್ನೂ ಹಿಡಿದು, ಮೈಯನ್ನು ಬಿಲ್ಲಿನಂತೆ ಬಗ್ಗಿಸಿ, ಅರ್ಧರ್ಧ ಪೆಡಲನ್ನು ತುಳಿಯುತ್ತ ಸಾಗುವುದು. ಅದು ಕೈವಶವಾದ ಮೇಲೆ ಬಾರಿನ ಮೇಲೆ ಕಾಲು ದಾಟಿಸಿ ತುಳಿಯುವುದು. ಕಾಲು ಬೆಳೆದ ಮೇಲೆ ಸೀಟು. ಒಳಪೆಡಲು, ಬಾರು, ಸೀಟು ಎಂಬ ಈ ಮೂರು ಆಶ್ರಮಗಳನ್ನು ಹಾಯದೆ ಆ ಕಾಲದ ಯಾವ ಹುಡುಗನೂ ಸವಾರನಾದದ್ದಿಲ್ಲ. ತಂದೆಯೋ ಸೋದರಮಾವನೋ ಮಧ್ಯಾಹ್ನ ಮಲಗಿರುವಾಗ ಸದ್ದಿಲ್ಲದೆ ಗಾಡಿಯನ್ನು ತಳ್ಳಿಕೊಂಡು ಕೆರೆಯ ಅಂಗಳಕ್ಕೆ ಹೋಗಿ ಕಲಿತವರೂ ಉಂಟು.

ಕಲಿತ ಮೇಲೆ ಕಟ್ಟಳೆಗಳು. ಪುರಸಭೆಗೆ ತೆರಿಗೆ ತೆತ್ತು ವರ್ಷಕ್ಕೊಂದು ಬಿಲ್ಲೆಯನ್ನು ಪಡೆಯಬೇಕು. ಕತ್ತಲಾದ ಮೇಲೆ ದೀಪವಿಲ್ಲದೆ ಹೋದರೆ ಪೋಲೀಸರು ಹಿಡಿಯುವರು; ಇಬ್ಬರು ಕುಳಿತರೂ ಹಿಡಿಯುವರು. ಸೀಮೆಎಣ್ಣೆಯ ದೀಪ ಗಾಳಿಗೆ ಆರಿದಾಗ, ‘ಈಗ ತಾನೆ ಆರಿತು ಸ್ವಾಮಿ, ಮುಟ್ಟಿ ನೋಡಿ, ಇನ್ನೂ ಬಿಸಿ ಇದೆ’ ಎಂದು ಬೇಡಿಕೊಳ್ಳುವುದು ಆ ಕಾಲದ ಸವಾರರೆಲ್ಲರ ಬಾಯಿಪಾಠ. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂದಿತು. ಪೆಟ್ರೋಲಿಗೆ ಪಡಿತರವಾಗಿ ಬಸ್ಸುಗಳು ಇದ್ದಿಲಿನ ಹೊಗೆಯಿಂದ ಏದುತ್ತ ನಡೆದವು. ೧೯೪೨ರಲ್ಲಿ ಮಲಯ ಜಪಾನೀಯರ ಕೈಸೇರಲು ರಬ್ಬರಿಗೂ ಕೊರತೆಯಾಯಿತು. ಸೈಕಲ್ಲಿನ ಅವಶ್ಯಕತೆ ಹೆಚ್ಚಿದ ಕಾಲದಲ್ಲಿಯೇ ಅದರ ಟೈರು ಅಪೂರ್ವವಾಯಿತು. ಹರಿದ ಟೈರಿಗೆ ಒಳಗಿನಿಂದ ಇನ್ನೊಂದು ತುಂಡನ್ನು ಸೇರಿಸಿ ಹೊಲಿಯುವ ವಿದ್ಯೆಯನ್ನು ಅನೇಕರು ಕಲಿತರು.

ಸ್ವಾತಂತ್ರ್ಯ ಬಂದ ಮೇಲೆ ಗಾಡಿಗಳು ನಮ್ಮ ದೇಶದಲ್ಲಿಯೇ ಹೇರಳವಾಗಿ ತಯಾರಾಗತೊಡಗಿದವು. ಮದರಾಸಿನ ಹತ್ತಿರದ ಅಂಬತ್ತೂರಿನ ಟಿ.ಐ. ಸೈಕಲ್ಸ್ ಸ್ಥಾಪನೆಯಾದದ್ದು ೧೯೪೯ರಲ್ಲಿ. ಸೋನೀಪತದ ಅಟ್ಲಾಸ್ ೧೯೫೧ರಲ್ಲಿ. ಲುಧಿಯಾನದ ಹೀರೋ ಸೈಕಲ್ಸ್ ೧೯೫೬ರಲ್ಲಿ. ಒಂದಾನೊಂದು ಕಾಲದಲ್ಲಿ ವಕೀಲರ ಮನೆಯ ಜಗುಲಿಯಲ್ಲಿ ನಿಂತಿದ್ದ ವಸ್ತು ಈಗ ಹಾಲಿನವನ, ಅಂಚೆಯವನ, ಪತ್ರಿಕೆ ಹಂಚುವ ಹುಡುಗನ ಜೊತೆಗಾರನಾಯಿತು. ಮದ್ದೂರಿನ ಎಳನೀರು ಗೊನೆಗೊನೆಯಾಗಿ ಕ್ಯಾರಿಯರಿನ ಎರಡು ಪಕ್ಕದಲ್ಲಿ ತೂಗುತ್ತ ಬಂದಿತು. ಹಸುವಿಗೆ ಕೊಯ್ದ ಹುಲ್ಲಿನ ಹೊರೆಯ ನಡುವೆ ಸವಾರನ ತಲೆ ಮಾತ್ರ ಕಾಣುತ್ತಿದ್ದಿತು. ಹಾಲಿನ ಕ್ಯಾನುಗಳ ಸದ್ದಿನಿಂದ ಊರು ಬೆಳಗಾದದ್ದನ್ನು ತಿಳಿಯುತ್ತಿದ್ದಿತು. ಇವರಲ್ಲಿ ಯಾರೂ ತಮ್ಮನ್ನು ಸೈಕಲ್ ಸವಾರರೆಂದು ಪರಿಚಯ ಮಾಡಿಕೊಂಡವರಲ್ಲ. ನೀವು ಯಾರೆಂದು ಕೇಳಿದರೆ ಹಾಲಿನವನು, ಎಳನೀರಿನವನು ಎಂದೇ ಉತ್ತರ. ಸೈಕಲ್ಲು ಅವರಿಗೆ ಕಾಲಿನಷ್ಟೇ ಸಹಜವಾಗಿದ್ದಿತು. ಕಾಲುಳ್ಳವನೆಂದು ಯಾರು ತಾನೆ ಪರಿಚಯ ಹೇಳಿಕೊಳ್ಳುತ್ತಾರೆ?

ವಿನೋದಕ್ಕೂ ಎಡೆಯಿದ್ದಿತು. ಊರ ಮುಂದಿನ ಬಯಲಿನಲ್ಲಿ ಕಂಬ ನೆಟ್ಟು, ದೀಪ ಕಟ್ಟಿ, ಏಳು ಹಗಲು ಏಳು ಇರುಳು ನೆಲಕ್ಕೆ ಕಾಲಿಡದೆ ಸೈಕಲ್ಲನ್ನು ತುಳಿಯುವೆನೆಂದು ಪಣ ತೊಟ್ಟು ಬರುತ್ತಿದ್ದ ಆಟಗಾರರನ್ನು ನೋಡದ ಹಳ್ಳಿ ಕಡಮೆ. ಸವಾರನು ಗಾಡಿಯ ಮೇಲೆಯೇ ಉಣ್ಣುವನು, ಸ್ನಾನ ಮಾಡುವನು, ಹಿಂದುಮುಂದಾಗಿ ಕುಳಿತು ತುಳಿಯುವನು. ಕಡೆಯ ದಿನ ಊರವರು ನೋಟಿನ ಹಾರವನ್ನು ಹಾಕುವರು. ಆ ವಾರ ಮುಗಿದ ಮೇಲೆ ಊರಿನ ಹುಡುಗರೆಲ್ಲ ಹ್ಯಾಂಡಲನ್ನು ಬಿಟ್ಟು ಸವಾರಿ ಮಾಡಲು ಹೋಗಿ ಮೊಣಕೈ ಒಡೆದುಕೊಳ್ಳುವುದೂ ಅಷ್ಟೇ ನಿಶ್ಚಯ.

ಈವರೆಗೆ ಹೇಳಿದ್ದು ಸೊಗಸಾದ ಭಾಗ. ಇದಕ್ಕೆ ಇನ್ನೊಂದು ಮಗ್ಗುಲುಂಟು. ಅದನ್ನು ಹೇಳದಿದ್ದರೆ ಚರಿತ್ರೆ ಅರ್ಧವಾಗುತ್ತದೆ. ದಾರಿಯು ಎಲ್ಲರಿಗೂ ಒಂದೇ ಬಗೆಯಾಗಿ ತೆರೆದಿರಲಿಲ್ಲ. ದಕ್ಷಿಣ ಭಾರತದ ಅನೇಕ ಹಳ್ಳಿಗಳಲ್ಲಿ, ಕೀಳೆಂದು ಎಣಿಸಲ್ಪಟ್ಟ ಜಾತಿಯವನು ಮೇಲಿನವರ ಬೀದಿ ಬಂದಾಗ ಸೈಕಲ್ಲಿನಿಂದಿಳಿದು ತಳ್ಳಿಕೊಂಡು ಹೋಗಬೇಕಾಗಿದ್ದಿತು. ಅವನು ದುಡಿದು ಕೊಂಡ ಗಾಡಿ, ಸರಕಾರವು ಹಾಕಿಸಿದ ರಸ್ತೆ. ಆದರೂ ಮೇಲೆ ಕುಳಿತು ಹೋಗುವುದು ಉದ್ಧಟತನವೆನಿಸುತ್ತಿದ್ದಿತು. ಹೀಗೆ ಇಳಿಯಲು ಒಲ್ಲೆನೆಂದ ಮೊದಲ ಸವಾರನ ಹೆಸರು ಯಾವ ಊರಿನಲ್ಲಿಯೂ ಕಲ್ಲಿನ ಮೇಲೆ ಬರೆದಿಲ್ಲ. ಬರೆಯಬೇಕಾದ ಹೆಸರು ಅದು.

ಎರಡನೆಯದು ಹೆಂಗಸರ ಸಂಗತಿ. ವರನಿಗೆ ಕೈಗಡಿಯಾರ, ರೇಡಿಯೋ, ಸೈಕಲ್ಲು, ಇವು ಮೂರೂ ಮದುವೆಯ ಮಾತುಕತೆಯಲ್ಲಿ ಸೇರಿಹೋಗಿದ್ದ ಕಾಲವನ್ನು ನಮ್ಮ ಹಿರಿಯರು ಬಲ್ಲರು. ಹೆಣ್ಣಿನ ತಂದೆ ಕಬ್ಬಿನ ಹಣದಿಂದಲೋ ಸಾಲದಿಂದಲೋ ಸೈಕಲ್ಲನ್ನು ಕೊಂಡು ಕೊಡುತ್ತಿದ್ದನು. ಆಕೆಯ ಹೆಸರಿನಲ್ಲಿ ಬಂದ ಆ ಗಾಡಿಯನ್ನು ಆಕೆ ಒಂದು ದಿನವೂ ತುಳಿಯಲಿಲ್ಲ. ಹೆಚ್ಚೆಂದರೆ ಹಬ್ಬಕ್ಕೆ ತವರಿಗೆ ಹೋಗುವಾಗ ಮಗುವನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಕ್ಯಾರಿಯರಿನ ಮೇಲೆ ಒಂದು ಮಗ್ಗುಲಾಗಿ ಕುಳಿತಳು. ಅದೇ ಸೈಕಲ್ಲಿನಲ್ಲಿ ಗಂಡನು ಸಂತೆಗೆ, ಸಿನೆಮಕ್ಕೆ, ಕಚೇರಿಗೆ ಹೋಗಿಬರುತ್ತಿದ್ದಾಗ ಆಕೆಯು ನೀರಿಗೂ ಸೌದೆಗೂ ನಡೆದೇ ಹೋದಳು. ಆ ತಲೆಮಾರಿನ ಹೆಂಗಸರನ್ನು, ‘ತಾವು ಸೈಕಲ್ಲು ಕಲಿತದ್ದು ಹೇಗೆ?’ ಎಂದು ಕೇಳಿದರೆ ಬರುವ ಉತ್ತರ ಒಂದು ನಗೆ ಮಾತ್ರ.

ಈ ನಗೆಗೆ ಬದಲಾಗಿ ಮಾತು ಬಂದದ್ದು ಬಹು ಕಾಲದ ಮೇಲೆ. ನೆರೆಯ ತಮಿಳುನಾಡಿನಲ್ಲಿ, ಹಿಂದೆ ತಾನೂ ಒಂದು ಸಂಸ್ಥಾನವಾಗಿದ್ದ ಪುದುಕೋಟೆಯಲ್ಲಿ, ೧೯೯೧ರಲ್ಲಿ ಅಕ್ಷರ ಕಲಿಸುವ ಆಂದೋಲನ ಆರಂಭವಾಯಿತು. ಅಲ್ಲಿನ ಕಲೆಕ್ಟರಾಗಿದ್ದ ಶೀಲಾ ರಾಣಿ ಚುಂಕತ್ ಅವರೂ ಆಂದೋಲನದ ಕಾರ್ಯಕರ್ತರೂ ಅಕ್ಷರದ ಜೊತೆಯಲ್ಲಿಯೇ ಹೆಂಗಸರಿಗೆ ಸೈಕಲ್ಲನ್ನೂ ಕಲಿಸಿದರು. ಕಲ್ಲುಗಣಿಯಲ್ಲಿ ದುಡಿಯುವವರು, ಕೂಲಿಯವರು, ದಾದಿಯರು ಸಹಸ್ರಾರು ಮಂದಿ ಕಲಿತರು. ಹೆಂಗಸರ ಸೈಕಲ್ಲು ಸಾಲದೆಹೋದಾಗ ಗಂಡಸರ ಗಾಡಿಯನ್ನೇ ಹಿಡಿದರು. ಮೇಲಿನ ಬಾರು ಮಗುವನ್ನು ಕೂರಿಸಲು ಅನುಕೂಲವೆಂದು ಕಂಡುಕೊಂಡರು. ನಮ್ಮ ಕರ್ನಾಟಕದಲ್ಲಿ ೨೦೦೬-೦೭ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರದಿಂದ ಉಚಿತವಾಗಿ ಸೈಕಲ್ಲು ಕೊಡುವ ಯೋಜನೆ ಆರಂಭವಾಯಿತು. ಎಂಟನೆಯ ತರಗತಿಯೇ ಏಕೆಂದರೆ, ಊರಿನ ಶಾಲೆ ಏಳಕ್ಕೆ ಮುಗಿದು ಹೈಸ್ಕೂಲು ಬೇರೆ ಊರಿನಲ್ಲಿರುವುದು ಅಲ್ಲಿಯೇ. ಆ ಮೂರು ನಾಲ್ಕು ಮೈಲಿಯ ಅಂತರದಲ್ಲಿ ಎಷ್ಟು ಹೆಣ್ಣುಮಕ್ಕಳ ವಿದ್ಯೆ ನಿಂತುಹೋಗಿದ್ದಿತೋ ಲೆಕ್ಕವಿಲ್ಲ. ಬೆಳಗಿನ ಹೊತ್ತು ಮಳವಳ್ಳಿಯ ಸುತ್ತಿನ ದಾರಿಗಳಲ್ಲಿ ಸಮವಸ್ತ್ರದ ಹುಡುಗಿಯರು ಸಾಲಾಗಿ ಸೈಕಲ್ಲು ತುಳಿಯುತ್ತ ಸಾಗಿದ ವರ್ಷಗಳು ಈ ಸೀಮೆಯ ಚರಿತ್ರೆಯಲ್ಲಿ ನಾಲೆಗೆ ನೀರು ಬಿಟ್ಟ ವರ್ಷಕ್ಕೆ ಕಡಮೆಯಾದುವಲ್ಲ. ಸಾವಿರಾರು ಮನೆಗಳಲ್ಲಿ ಸೈಕಲ್ಲು ಕಲಿತ ಮೊದಲ ಹೆಂಗಸು ಆ ಮನೆಯ ಮಗಳು.

ಈ ನಡುವೆ ಗಂಡಸರು ಸೈಕಲ್ಲಿನಿಂದ ಇಳಿದುಬಿಟ್ಟಿದ್ದರು. ಮೋಟಾರು ಬೈಕು ಬಂದಿತು, ಸಾಲ ಸುಲಭವಾಯಿತು. ಬಾಡಿಗೆಯ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಒಂದು ಕಾಲದಲ್ಲಿ ಮನೆಮಾತಾಗಿದ್ದ ಅಟ್ಲಾಸ್ ಕಂಪೆನಿಯ ಉಳಿದಿದ್ದ ಕಾರ್ಖಾನೆಯು ೨೦೨೦ರ ಜೂನ್ ೩ರಂದು ಕೆಲಸ ನಿಲ್ಲಿಸಿತು. ವಿಶ್ವಸಂಸ್ಥೆಯು ಎರಡು ವರ್ಷ ಹಿಂದೆ ವಿಶ್ವ ಬೈಸಿಕಲ್ ದಿನವೆಂದು ಗೊತ್ತುಮಾಡಿದ್ದ ದಿನವೂ ಅದೇ ಆಗಿದ್ದಿತು.

ಆದರೆ ಸೈಕಲ್ಲು ಇನ್ನೊಂದು ಬಾಗಿಲಿನಿಂದ ಒಳಬಂದಿತು. ಬೆಂಗಳೂರು ಮೈಸೂರುಗಳ ವಿದ್ಯಾವಂತರು, ಯಂತ್ರದೆದುರು ಹಗಲೆಲ್ಲ ಕುಳಿತು ದುಡಿಯುವವರು, ಆರೋಗ್ಯಕ್ಕಾಗಿಯೂ ಉಲ್ಲಾಸಕ್ಕಾಗಿಯೂ ಸೈಕಲ್ಲನ್ನು ಹಿಡಿದರು. ಹಗುರವಾದ ಲೋಹದ ಗಾಡಿ, ತಲೆಗೆ ರಕ್ಷೆ, ನಸುಕಿನಲ್ಲಿಯೇ ಹೊರಟು ಮದ್ದೂರಿನಲ್ಲಿ ವಡೆ ಕಾಫಿಗಳನ್ನು ತೀರಿಸಿ ಮುಂದೆ ಸಾಗುವುದು ರಜೆಯ ದಿನಗಳ ಪದ್ಧತಿಯಾಯಿತು. ಇವರಲ್ಲಿ ಕೆಲವರು ‘ಬ್ರೆವೆ’ ಎಂಬ ದೀರ್ಘ ಪ್ರಯಾಣದ ವ್ರತವನ್ನೂ ತೊಡುತ್ತಾರೆ. ೨೦೦ ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ, ೬೦೦ ಕಿಲೋಮೀಟರನ್ನು ೪೦ ಗಂಟೆಯೊಳಗೆ ಪರಸಹಾಯವಿಲ್ಲದೆ ಮುಗಿಸಬೇಕು, ಸ್ಪರ್ಧೆಯಿಲ್ಲ, ಬಹುಮಾನವಿಲ್ಲ. ಈ ಸಂಪ್ರದಾಯದ ಮೂಲ ೧೮೯೧ರಲ್ಲಿ ಫ್ರಾನ್ಸಿನಲ್ಲಿ ಆರಂಭವಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಪಯಣ. ಈ ಸವಾರರಾದರೋ ತಮ್ಮನ್ನು ಸೈಕಲ್ ಸವಾರರೆಂದೇ ಪರಿಚಯ ಹೇಳಿಕೊಳ್ಳುತ್ತಾರೆ. ಇವರ ಉತ್ತರಗಳನ್ನು ಕೇಳಿದರೆ ಒಂದು ವಿಶೇಷ ತೋರುತ್ತದೆ: ‘ಬಾಲ್ಯದಲ್ಲಿ ಊರಿನಲ್ಲಿ ಕಲಿತೆ, ಆಮೇಲೆ ಇಪ್ಪತ್ತು ವರ್ಷ ಬಿಟ್ಟೆ, ವೈದ್ಯರು ಹೇಳಿದ ಮೇಲೆ ಮತ್ತೆ ಹಿಡಿದೆ.’ ಒಳಪೆಡಲಿನ ವಿದ್ಯೆ ಇಪ್ಪತ್ತು ವರ್ಷ ಮೈಯಲ್ಲಿಯೇ ಅಡಗಿದ್ದು ಕರೆದಾಗ ಎದ್ದು ಬಂದಿತೆಂದು ಇದರ ಅರ್ಥ.

ಈಗ ರಸ್ತೆಯ ವಿಚಾರ. ಬೆಂಗಳೂರಿನಿಂದ ಮೈಸೂರಿಗೆ ಸುಮಾರು ೧೧೮ ಕಿಲೋಮೀಟರು ಉದ್ದದ ಹೊಸ ಹೆದ್ದಾರಿಯು ೨೦೨೩ರ ಮಾರ್ಚ್ ೧೨ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾಯಿತು. ಮದ್ದೂರನ್ನೂ ಮಂಡ್ಯವನ್ನೂ ಹೊಕ್ಕು ಹೊರಡದೆ, ಅವುಗಳ ಪಕ್ಕದಲ್ಲಿಯೇ ಅದು ಹಾದುಹೋಗುತ್ತದೆ. ಭೀಕರವಾದ ಅಪಘಾತಗಳು ಮೇಲಿಂದ ಮೇಲೆ ನಡೆಯಲು, ಅದೇ ವರ್ಷದ ಆಗಸ್ಟ್ ೧ರಿಂದ ಅದರ ಮುಖ್ಯ ದಾರಿಯಲ್ಲಿ ಮೋಟಾರು ಬೈಕು, ಆಟೋ, ಟ್ರ್ಯಾಕ್ಟರುಗಳನ್ನೂ, ಯಂತ್ರವಿಲ್ಲದ ವಾಹನಗಳನ್ನೂ ನಿಷೇಧಿಸಿದರು. ನೂರು ಕಿಲೋಮೀಟರು ವೇಗದಲ್ಲಿ ಧಾವಿಸುವ ಕಾರುಗಳ ನಡುವೆ ಸೈಕಲ್ಲು ಇರುವುದು ಕ್ಷೇಮವಲ್ಲವೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ನಿಷೇಧಿಸಿದ ಮೇಲೆ ಉಳಿದ ಪಕ್ಕದ ದಾರಿಯು ಸವಾರನಿಗೆ ನಿಜವಾಗಿಯೂ ಒಂದು ದಾರಿಯಾಗಿರಬೇಕು. ಹಳ್ಳಿಯ ಹುಡುಗಿ ಶಾಲೆಗೆ ಹೋಗುವುದು ಅದರಲ್ಲಿ. ಹುಲ್ಲಿನ ಹೊರೆ ಬರುವುದು ಅದರಲ್ಲಿ. ದಿಕ್ಕು ತಪ್ಪಿ ಎದುರಿನಿಂದ ನುಗ್ಗುವ ಮೋಟಾರು ಬರುವುದೂ ಅದರಲ್ಲಿಯೇ. ಹೆದ್ದಾರಿಯನ್ನು ದಾಟಲು ಕೆಳಸೇತುವೆ ಎಷ್ಟು ದೂರಕ್ಕೆ ಇದೆ, ಮಳೆ ಬಂದಾಗ ಅದರಲ್ಲಿ ಎಷ್ಟು ನೀರು ನಿಲ್ಲುತ್ತದೆ, ಕತ್ತಲಲ್ಲಿ ದೀಪವಿದೆಯೇ ಎಂಬ ಪ್ರಶ್ನೆಗಳು ಕಾರಿನಲ್ಲಿ ಕುಳಿತವರಿಗೆ ಸಣ್ಣವು. ಸೈಕಲ್ಲಿನ ಮೇಲೆ ಕುಳಿತವರಿಗೆ ಊರು ಹತ್ತಿರವೋ ದೂರವೋ ಎಂಬುದು ಇವುಗಳಿಂದಲೇ ತೀರ್ಮಾನವಾಗುತ್ತದೆ. ಎತ್ತಿನ ಗಾಡಿಯ ಕಾಲದಲ್ಲಿ ಬಡವನು ಇನ್ನೊಬ್ಬರ ಹೊತ್ತನ್ನು ಕಾಯುತ್ತಿದ್ದನು. ಒಂದು ಫರ್ಲಾಂಗಿನ ಆಚೆ ಇರುವ ಹೊಲಕ್ಕೆ ಎರಡು ಮೈಲಿ ಸುತ್ತಿ ಹೋಗಬೇಕಾದರೆ ಆ ಕಾಲವೇ ಬೇರೆ ವೇಷದಲ್ಲಿ ಮರಳಿತೆಂದು ಹೇಳಬೇಕಾಗುತ್ತದೆ.

ಆದುದರಿಂದ ನಮ್ಮ ಸೂಚನೆಗಳು ಎರಡು. ಒಂದು, ರಸ್ತೆಯನ್ನು ಯೋಚಿಸುವವರು ಪಕ್ಕದ ದಾರಿಯನ್ನೂ ನಾಲೆಯ ಏರಿಗಳನ್ನೂ ಸೈಕಲ್ಲಿನ ಕಣ್ಣಿನಿಂದ ಒಮ್ಮೆ ನೋಡಲಿ. ಎರಡನೆಯದು ಶಾಲೆಗಳಿಗೆ ಸಂಬಂಧಿಸಿದ್ದು. ಮಂಡ್ಯ, ಮದ್ದೂರು, ಮಳವಳ್ಳಿಗಳ ಹೈಸ್ಕೂಲುಗಳಲ್ಲಿ ಉಪಾಧ್ಯಾಯರು ಮಕ್ಕಳಿಗೆ ಒಂದು ಪಾಠವನ್ನು ಒಪ್ಪಿಸಬಹುದು: ಮನೆಯ ಹಿರಿಯರಲ್ಲಿ ಪ್ರತಿಯೊಬ್ಬರನ್ನೂ, ಅಜ್ಜಿಯನ್ನೂ ಬಿಡದೆ, ಸೈಕಲ್ಲು ಕಲಿತದ್ದು ಹೇಗೆ, ಕಲಿಯದಿದ್ದರೆ ಏಕೆ ಎಂದು ಕೇಳ್ಕೊಂಡು ಬಂದು ಬರೆಯುವುದು. ಬಾಡಿಗೆ ಅಂಗಡಿಯ ಕಡೆಯ ಗಿರಾಕಿಗಳೂ ಮೊದಲ ಪಾಳಿಯ ಕಾರ್ಮಿಕರ ಮಕ್ಕಳೂ ಇನ್ನೂ ನಮ್ಮ ನಡುವೆ ಇದ್ದಾರೆ. ಒಂದು ವರ್ಷದಲ್ಲಿ ಈ ಸೀಮೆಯ ಚರಿತ್ರೆ ನೂರಾರು ಪುಟಗಳಷ್ಟು ದೊರೆಯುವುದು. ಕಲಿಯದವರ ಉತ್ತರಗಳಿರುವ ಪುಟಗಳನ್ನು ನಾವು ಮೊದಲು ಓದಬೇಕು.